ಶಾರ್ಟ್ ಟ್ರೇಡ್‌ನಲ್ಲಿ ಲಾಭ ಶೇಕಡಾ ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಷೇರು ಕೊಂಡು ಆಮೇಲೆ ಮಾರಿದಾಗ ಲಾಭದ ಲೆಕ್ಕ ಎಲ್ಲರಿಗೂ ಸಲೀಸು. ಮೊದಲು ಮಾರಿ ಆಮೇಲೆ ಕೊಂಡಾಗ ಮಾತ್ರ ತಲೆ ಕೆಡುತ್ತದೆ. ಲಾಭ ಎಷ್ಟು ರೂಪಾಯಿ ಅನ್ನೋದು ಗೊತ್ತಿರುತ್ತದೆ, ಅದನ್ನು ಯಾವುದರಿಂದ ಭಾಗಿಸಬೇಕು ಅನ್ನೋದೇ ಗೊತ್ತಾಗುವುದಿಲ್ಲ. ಹೊಸಬರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಬೆಲೆ, ಷೇರುಗಳ ಸಂಖ್ಯೆ ಎಲ್ಲ ಲೆಕ್ಕ ತೋರಿಸಲು ಇಟ್ಟುಕೊಂಡ ಉದಾಹರಣೆ. ಕಂಪನಿಯ ಹೆಸರು ಹೇಳಿರುವ ಕಡೆ ಮಾತ್ರ ಅದು ನಿಜವಾಗಿ ನಡೆದದ್ದು.

ಶಾರ್ಟ್ ಮಾಡೋದು ಅಂದರೆ ಏನು? ನಮ್ಮಲ್ಲಿ ಹೇಗೆ ಮಾಡಬಹುದು?

ಕೈಯಲ್ಲಿಲ್ಲದ ಷೇರನ್ನು ಮೊದಲು ಮಾರುವುದು, ಬೆಲೆ ಇಳಿದ ಮೇಲೆ ಕೊಂಡು ಲೆಕ್ಕ ಚುಕ್ತಾ ಮಾಡುವುದು. ಹೀಗೆ ವಾಪಸ್ ಕೊಳ್ಳುವುದಕ್ಕೆ ಕವರ್ ಮಾಡೋದು ಅಂತಾರೆ.

ಭಾರತದಲ್ಲಿ ಸಾಮಾನ್ಯ ಹೂಡಿಕೆದಾರನಿಗೆ ಮೂರು ದಾರಿ ಇವೆ. ಒಂದು ಇಂಟ್ರಾಡೇ, ಅಂದರೆ ಬೆಳಿಗ್ಗೆ ಮಾರಿ ಅದೇ ದಿನ ಮಾರುಕಟ್ಟೆ ಮುಚ್ಚುವ ಮೊದಲು ಕೊಂಡುಬಿಡಬೇಕು. ಎರಡನೆಯದು ಫ್ಯೂಚರ್ಸ್, ಅಂದರೆ ಮುಂದಿನ ಒಂದು ದಿನಕ್ಕೆ ಈಗಲೇ ಬೆಲೆ ಗೊತ್ತುಮಾಡುವ ಒಪ್ಪಂದ, ಅಲ್ಲಿ ಎಕ್ಸ್‌ಪೈರಿವರೆಗೂ (ಒಪ್ಪಂದ ಮುಗಿಯುವ ದಿನದವರೆಗೂ) ಇಟ್ಟುಕೊಳ್ಳಬಹುದು. ಮೂರನೆಯದು ಎಸ್‌ಎಲ್‌ಬಿ, ಅಂದರೆ ಬೇರೆಯವರ ಷೇರನ್ನು ಎಕ್ಸ್‌ಚೇಂಜ್ ಮೂಲಕ ಬಾಡಿಗೆ ಕೊಟ್ಟು ಸಾಲ ಪಡೆದು ಮಾರುವುದು. ಈ ವ್ಯವಸ್ಥೆ 2008ರ ಏಪ್ರಿಲ್‌ನಲ್ಲಿ ಶುರುವಾಯಿತು. ಯಾವ ದಾರಿ ಹಿಡಿದರೂ ಶೇಕಡಾ ಲೆಕ್ಕದ ಬುಡ ಒಂದೇ. ಖರ್ಚುಗಳು ಮಾತ್ರ ಬೇರೆ ಬೇರೆ.

ಸರಿ, ಸೂತ್ರ ಹೇಳಿ.

ಮಾರಿದ ಬೆಲೆಯಿಂದ ಕೊಂಡ ಬೆಲೆ ಕಳೆಯಿರಿ. ಉಳಿದದ್ದನ್ನು ಮಾರಿದ ಬೆಲೆಯಿಂದ ಭಾಗಿಸಿ, 100ರಿಂದ ಗುಣಿಸಿ.

ಲಾಭ ಶೇಕಡಾ = (ಮಾರಿದ ಬೆಲೆ − ಕೊಂಡ ಬೆಲೆ) ÷ ಮಾರಿದ ಬೆಲೆ × 100

₹500ಕ್ಕೆ ಮಾರಿ ₹400ಕ್ಕೆ ಕೊಂಡರೆ, 100 ÷ 500, ಅಂದರೆ ಶೇ 20 ಲಾಭ. ₹500ಕ್ಕೆ ಮಾರಿದ್ದು ₹540ಕ್ಕೆ ಏರಿ, ಅಲ್ಲಿ ಕವರ್ ಮಾಡಿದರೆ −40 ÷ 500, ಅಂದರೆ ಶೇ 8 ನಷ್ಟ. ಉತ್ತರದ ಮುಂದೆ ಮೈನಸ್ ಬಂದರೆ ನಷ್ಟ, ಅಷ್ಟೇ.

ಯಾವಾಗಲೂ ಕೊಂಡ ಬೆಲೆಯಿಂದ ಭಾಗಿಸಬೇಕು ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಇಲ್ಲಿ ಯಾಕೆ ಮಾರಿದ ಬೆಲೆ?

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಶಾಲೆಯಲ್ಲಿ ಅಸಲು ಬೆಲೆ ಅಂತ ಹೇಳಿಕೊಟ್ಟದ್ದು ವ್ಯವಹಾರ ಶುರುವಾದ ಬೆಲೆಯನ್ನು. ಅಂಗಡಿಯವನು ಮೊದಲು ಕೊಳ್ಳುತ್ತಾನೆ, ಹಾಗಾಗಿ ಅವನ ಶುರುವಿನ ಬೆಲೆ ಕೊಂಡ ಬೆಲೆ. ಶಾರ್ಟ್ ಮಾಡುವವನ ವ್ಯವಹಾರ ಮಾರುವುದರಿಂದ ಶುರುವಾಗುತ್ತದೆ. ಟ್ರೇಡ್‌ಗೆ ಇಳಿದ ಕ್ಷಣದಲ್ಲಿ ಅವನ ಹೊಣೆ ಎಷ್ಟು ರೂಪಾಯಿಯದ್ದು ಅನ್ನೋದನ್ನು ಹೇಳುವುದು ಮಾರಿದ ಬೆಲೆ. ಕೊಳ್ಳುವ ಬೆಲೆ ಆಗ ಗೊತ್ತೇ ಇರುವುದಿಲ್ಲ.

ತಪ್ಪು ಲೆಕ್ಕ ಎಲ್ಲಿಗೆ ಮುಟ್ಟುತ್ತದೆ ಅನ್ನೋದಕ್ಕೆ ಸತ್ಯಂ ಕಂಪ್ಯೂಟರ್ಸ್ ಉದಾಹರಣೆ ನೋಡಿ. 2009ರ ಜನವರಿ 7ರಂದು ಕಂಪನಿಯ ಲೆಕ್ಕಪತ್ರದಲ್ಲಿ ಮೋಸ ಆಗಿದೆ ಅಂತ ಅದರ ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದರು. ಹಿಂದಿನ ದಿನ ₹179.10ಕ್ಕೆ ಮುಗಿದಿದ್ದ ಷೇರು ಅಂದು ₹39.95ಕ್ಕೆ ಬಂದು ನಿಂತಿತು. ₹179.10ಕ್ಕೆ ಶಾರ್ಟ್ ಇದ್ದವರಿಗೆ ಷೇರಿಗೆ ₹139.15 ಲಾಭ. ಮಾರಿದ ಬೆಲೆಯಿಂದ ಭಾಗಿಸಿದರೆ ಶೇ 77.7. ಕೊಂಡ ಬೆಲೆಯಿಂದ ಭಾಗಿಸಿದರೆ ಶೇ 348! ₹179.10ಕ್ಕೆ ಮಾರಿದವನಿಗೆ ಷೇರಿಗೆ ₹179.10ಕ್ಕಿಂತ ಒಂದು ಪೈಸೆಯೂ ಜಾಸ್ತಿ ಸಿಗುವುದು ಸಾಧ್ಯವಿಲ್ಲ. ಅಂಥದ್ದರಲ್ಲಿ ಮೂರೂವರೆ ಪಟ್ಟು ಲಾಭ ಎಲ್ಲಿಂದ ಬಂತು? ಲೆಕ್ಕದಲ್ಲೇ ದೋಷ ಇದೆ.

ಸಣ್ಣ ಚಲನೆಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಶೇ 1.94 ಬದಲು ಶೇ 1.97 ಬಂದರೆ ಯಾರು ಗಮನಿಸುತ್ತಾರೆ? ಆದರೆ ವರ್ಷದ ನೂರಾರು ಟ್ರೇಡ್‌ಗಳನ್ನು ಹೀಗೇ ಬರೆದಿಟ್ಟರೆ ಲಾಭದ ಟ್ರೇಡ್ ಎಲ್ಲ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ನಷ್ಟದ ಟ್ರೇಡ್ ಎಲ್ಲ ಇದ್ದದ್ದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ದೋಷ ಎರಡೂ ಕಡೆ ನಿಮ್ಮನ್ನು ಹೊಗಳುವ ದಿಕ್ಕಿನಲ್ಲೇ ಇರುತ್ತದೆ. ಅಪಾಯ ಇರುವುದು ಅಲ್ಲಿ.

ಶಾರ್ಟ್‌ನಲ್ಲಿ ಗರಿಷ್ಠ ಲಾಭ ಎಷ್ಟು? ಗರಿಷ್ಠ ನಷ್ಟ?

ಷೇರು ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಹಾಗಾಗಿ ಲಾಭ ಶೇ 100 ದಾಟುವುದಿಲ್ಲ. ನಷ್ಟಕ್ಕೆ ಅಂಥ ಮಿತಿ ಇಲ್ಲ.

2008ರ ಅಕ್ಟೋಬರ್‌ನಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಷೇರಿಗೆ ಇದೇ ಆಯಿತು. ಆ ಕಂಪನಿಯ ಷೇರುಗಳಲ್ಲಿ ಶೇ 74.1 ತನ್ನ ಹಿಡಿತದಲ್ಲಿದೆ ಅಂತ ಪೋರ್ಷೆ ಅಕ್ಟೋಬರ್ 26ರ ಭಾನುವಾರ ಪ್ರಕಟಿಸಿತು. ಅದರಲ್ಲಿ ನೇರವಾಗಿ ಇಟ್ಟುಕೊಂಡ ಷೇರು ಶೇ 42.6, ಆಪ್ಷನ್ (ಗೊತ್ತಾದ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕಿನ ಒಪ್ಪಂದ) ರೂಪದಲ್ಲಿದ್ದದ್ದು ಶೇ 31.5. ಇನ್ನೊಂದು ಶೇ 20 ಲೋವರ್ ಸ್ಯಾಕ್ಸನಿ ರಾಜ್ಯ ಸರ್ಕಾರದ ಬಳಿ ಇತ್ತು. ಅಂದರೆ ಮಾರುಕಟ್ಟೆಯಲ್ಲಿ ಕೊಳ್ಳಲು ಉಳಿದಿದ್ದ ಷೇರು ಶೇ 6ರ ಆಸುಪಾಸು, ಶಾರ್ಟ್ ಮಾಡಿದವರು ಕವರ್ ಮಾಡಬೇಕಾದದ್ದು ಅದಕ್ಕಿಂತ ಜಾಸ್ತಿ. ಸುಮಾರು 210 ಯೂರೋ ಇದ್ದ ಬೆಲೆ ಮಂಗಳವಾರ 1,005 ಯೂರೋ ಮುಟ್ಟಿತು. 210ಕ್ಕೆ ಶಾರ್ಟ್ ಮಾಡಿ 1,005ಕ್ಕೆ ಕವರ್ ಮಾಡಿದವನ ನಷ್ಟ 795 ÷ 210, ಅಂದರೆ ಶೇ 378.6. ಹಾಕಿದ ದುಡ್ಡೆಲ್ಲ ಹೋಗಿ, ಅದರ ಮೇಲೆ ಇನ್ನೂ ಎರಡೂ ಮುಕ್ಕಾಲು ಪಟ್ಟು ಸಾಲ.

ನಷ್ಟದ ಶೇಕಡಾ 100 ದಾಟಿದರೆ ಲೆಕ್ಕ ತಪ್ಪಾಯಿತೇನೋ ಅಂತ ಕೆಲವರು ಗಾಬರಿಯಾಗುತ್ತಾರೆ. ಶಾರ್ಟ್‌ನಲ್ಲಿ ಅದು ನಿಜವಾಗಿಯೂ ಆಗಬಹುದು.

ನನ್ನ ದುಡ್ಡು ಹೋಗಿದ್ದು ಮಾರ್ಜಿನ್ (ಟ್ರೇಡ್‌ಗೆ ಭದ್ರತೆಯಾಗಿ ಬ್ರೋಕರ್ ಬ್ಲಾಕ್ ಮಾಡುವ ದುಡ್ಡು) ಅಷ್ಟೇ. ಹಾಗಾದರೆ ಮಾರ್ಜಿನ್‌ನಿಂದಲೇ ಭಾಗಿಸಬೇಕಲ್ವಾ?

ಭಾಗಿಸಬಹುದು. ಆದರೆ ಅದು ಬೇರೆ ಅಂಕಿ, ಅದಕ್ಕೆ ಬೇರೆ ಹೆಸರು ಇಡಿ.

ಒಂದೇ ಟ್ರೇಡ್‌ಗೆ ಮೂರು ಶೇಕಡಾ ಇರುತ್ತವೆ. ಮಾರಿದ ಮೊತ್ತದ ಮೇಲೆ ಲೆಕ್ಕ ಹಾಕಿದರೆ ನಿಮ್ಮ ಅಂದಾಜು ಎಷ್ಟು ಸರಿಯಿತ್ತು ಅನ್ನೋದು ಗೊತ್ತಾಗುತ್ತದೆ. ಮಾರ್ಜಿನ್ ಮೇಲೆ ಹಾಕಿದರೆ, ಬ್ರೋಕರ್ ಬ್ಲಾಕ್ ಮಾಡಿದ ದುಡ್ಡಿಗೆ ಎಷ್ಟು ಬಂತು ಅಂತ. ಖಾತೆಯಲ್ಲಿರುವ ಒಟ್ಟು ಬಂಡವಾಳದ ಮೇಲೆ ಹಾಕಿದರೆ, ನಿಜವಾಗಿ ನೀವು ಎಷ್ಟು ಬೆಳೆದಿರಿ ಅಂತ. ನನ್ನ ಮಟ್ಟಿಗೆ ಮನೆಗೆ ಲೆಕ್ಕ ಒಪ್ಪಿಸುವಾಗ ಹೇಳಬೇಕಾದದ್ದು ಮೂರನೆಯದು.

2021ರ ಸೆಪ್ಟೆಂಬರ್ 1ರಿಂದ ಪೀಕ್ ಮಾರ್ಜಿನ್ ನಿಯಮ, ಅಂದರೆ ದಿನದ ನಡುವೆಯೂ ಬೇಕಾದಷ್ಟು ಮಾರ್ಜಿನ್ ಇರಲೇಬೇಕು ಅನ್ನುವ ನಿಯಮ, ಪೂರ್ತಿ ಜಾರಿಯಲ್ಲಿದೆ. ಇಂಟ್ರಾಡೇ ಷೇರು ವ್ಯವಹಾರಕ್ಕೆ ಕನಿಷ್ಠ ಶೇ 20 ಮಾರ್ಜಿನ್ ಬೇಕು, ಅಂದರೆ ಹೆಚ್ಚೆಂದರೆ ಹಾಕಿದ ದುಡ್ಡಿನ ಐದು ಪಟ್ಟು ವ್ಯವಹಾರ. ಹಾಗಾಗಿ ಷೇರು ಶೇ 2 ಇಳಿದರೆ ಮಾರ್ಜಿನ್ ಮೇಲೆ ಶೇ 10 ಲಾಭ. ಶೇ 2 ಏರಿದರೆ ಶೇ 10 ನಷ್ಟ. ಶೇ 20 ಏರಿದರೆ ಮಾರ್ಜಿನ್ ಪೂರ್ತಿ ಖಾಲಿ.

ಟೆಲಿಗ್ರಾಂ ಗುಂಪುಗಳಲ್ಲಿ ಇವತ್ತು ಶೇ 10 ಲಾಭ ಅಂತ ಸ್ಕ್ರೀನ್‌ಶಾಟ್ ಹಾಕುವವರದ್ದು ಹೆಚ್ಚಾಗಿ ಮಾರ್ಜಿನ್ ಮೇಲಿನ ಲೆಕ್ಕ. ಅದನ್ನು ನೋಡಿ ನಮ್ಮ ಹುಡುಗರು ಸಂಬಳದ ದುಡ್ಡು ತಂದು ಸುರಿಯುತ್ತಾರೆ. ಮಾರುಕಟ್ಟೆಯ ಷೇರು ವಿಭಾಗದಲ್ಲಿ ಇಂಟ್ರಾಡೇ ಮಾಡುವ ವ್ಯಕ್ತಿಗಳಲ್ಲಿ 10ಕ್ಕೆ 7 ಮಂದಿ 2022–23ರಲ್ಲಿ ನಷ್ಟ ಮಾಡಿಕೊಂಡರು ಅಂತ ಮಾರುಕಟ್ಟೆ ನಿಯಂತ್ರಕ ಸಂಸ್ಥೆ ಸೆಬಿಯೇ 2024ರ ಜುಲೈನಲ್ಲಿ ಹೇಳಿದೆ. ಶೇಕಡಾ ನೋಡಿದ ಕೂಡಲೇ ಯಾವುದರ ಮೇಲೆ ಅಂತ ಕೇಳಿ. ಉತ್ತರ ಬರದಿದ್ದರೆ ಆ ಗುಂಪಿನಿಂದ ಹೊರಗೆ ಬನ್ನಿ.

ಖರ್ಚೆಲ್ಲ ಕಳೆದ ಮೇಲಿನ ನಿಜವಾದ ಶೇಕಡಾ ಹೇಗೆ ತೆಗೆಯುವುದು? ಒಂದು ಪೂರ್ತಿ ಉದಾಹರಣೆ ಕೊಡಿ.

ಎನ್‌ಎಸ್‌ಇಯಲ್ಲಿ (ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್) ₹620ರಂತೆ 200 ಷೇರು ಶಾರ್ಟ್ ಮಾಡಿದಿರಿ. ಅದೇ ದಿನ ₹608ಕ್ಕೆ ಕವರ್ ಮಾಡಿದಿರಿ. ಮಾರಿದ ಮೊತ್ತ ₹1,24,000. ಕೊಂಡ ಮೊತ್ತ ₹1,21,600. ಮೇಲ್ನೋಟದ ಲಾಭ ₹2,400, ಅಂದರೆ ಶೇ 1.94.

ಈಗ ಕಾಂಟ್ರಾಕ್ಟ್ ನೋಟ್ (ಬ್ರೋಕರ್ ಕಳಿಸುವ ಆ ದಿನದ ವ್ಯವಹಾರದ ಬಿಲ್ಲು) ತೆಗೆದು ಒಂದೊಂದೇ ಸಾಲು ನೋಡೋಣ. ಬ್ರೋಕರೇಜ್ ಆರ್ಡರ್‌ಗೆ ₹20 ಅಂತ ಇಟ್ಟುಕೊಂಡರೆ ಎರಡಕ್ಕೆ ₹40. ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ) ಇಂಟ್ರಾಡೇಯಲ್ಲಿ ಮಾರಿದ ಕಡೆಗೆ ಮಾತ್ರ, ಶೇ 0.025. ಅದು ₹31. ಎಕ್ಸ್‌ಚೇಂಜ್ ಶುಲ್ಕ ಶೇ 0.00297 ದರದಲ್ಲಿ (ಎನ್‌ಎಸ್‌ಇಯಲ್ಲಿ 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ದರ) ಎರಡೂ ಕಡೆಯ ಮೊತ್ತ ₹2,45,600ರ ಮೇಲೆ ₹7.29. ಸೆಬಿ ಶುಲ್ಕ ಕೋಟಿಗೆ ₹10, ಇಲ್ಲಿ 25 ಪೈಸೆ. ಸ್ಟ್ಯಾಂಪ್ ಡ್ಯೂಟಿ ಕೊಂಡ ಕಡೆಗೆ ಮಾತ್ರ, ಶೇ 0.003. ಅದು ₹3.65. ಬ್ರೋಕರೇಜ್, ಎಕ್ಸ್‌ಚೇಂಜ್ ಶುಲ್ಕ, ಸೆಬಿ ಶುಲ್ಕ ಈ ಮೂರರ ಮೇಲೆ ಶೇ 18 ಜಿಎಸ್‌ಟಿ, ₹8.56.

ಎಲ್ಲ ಸೇರಿ ₹90.75. ಕೈಗೆ ಬರುವ ಲಾಭ ₹2,309.25.

ಮಾರಿದ ಮೊತ್ತದ ಮೇಲೆ ಅದು ಶೇ 1.86. ಶೇ 20 ಮಾರ್ಜಿನ್ ಅಂದರೆ ₹24,800, ಅದರ ಮೇಲೆ ಶೇ 9.31. ಖಾತೆಯಲ್ಲಿ ₹1,00,000 ಇಟ್ಟಿದ್ದರೆ ಅದರ ಮೇಲೆ ಶೇ 2.31. ಟ್ರೇಡ್ ಒಂದೇ, ರೂಪಾಯಿ ಒಂದೇ. ಶೇಕಡಾ ಮೂರು.

ಇನ್ನೊಂದು ಉಪಯೋಗದ ಲೆಕ್ಕ: ₹90.75ನ್ನು 200 ಷೇರಿಗೆ ಹಂಚಿದರೆ ಷೇರಿಗೆ ಸುಮಾರು 45 ಪೈಸೆ. ಅಂದರೆ ಬೆಲೆ ₹619.55ಕ್ಕೆ ಇಳಿಯುವ ತನಕ ನೀವು ನಷ್ಟದಲ್ಲೇ ಇದ್ದೀರಿ. ಮೊಬೈಲ್ ಪರದೆ ಹಸಿರು ತೋರಿಸುತ್ತಿದ್ದರೂ ಅಷ್ಟೇ.

ಖರ್ಚು ಶೇ 0.07 ಅಷ್ಟೇ ಅಲ್ವಾ? ಅದಕ್ಕೆ ಯಾಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು?

ಟ್ರೇಡ್ ದೊಡ್ಡದಿದ್ದಾಗ ಅದು ಸಣ್ಣದು. ₹300ರ 10 ಷೇರು ಶಾರ್ಟ್ ಮಾಡಿ ನೋಡಿ. ಮೊತ್ತ ₹3,000. ಬ್ರೋಕರ್ ಆರ್ಡರ್‌ಗೆ ₹20 ಕಟ್ಟುನಿಟ್ಟಾಗಿ ಹಿಡಿದರೆ, ಜಿಎಸ್‌ಟಿ ಸೇರಿ ಎರಡು ಆರ್ಡರ್‌ಗೆ ₹47.20. ಅದೊಂದೇ ಶೇ 1.57 ಆಯಿತು. ಷೇರು ಶೇ 1.5 ಇಳಿದು ನಿಮ್ಮ ಅಂದಾಜು ಸರಿಯಾದರೂ ಕೈಗೆ ಬರುವುದು ನಷ್ಟ. ಕೆಲವು ಬ್ರೋಕರ್‌ಗಳು ₹20 ಅಥವಾ ಶೇ 0.03, ಯಾವುದು ಕಡಿಮೆಯೋ ಅದನ್ನು ಹಿಡಿಯುತ್ತಾರೆ. ಸಣ್ಣ ಮೊತ್ತದಲ್ಲಿ ಕಲಿಯುವವರಿಗೆ ಅಂಥ ಕಡೆ ಖಾತೆ ಇರುವುದು ಒಳ್ಳೆಯದು. ಕಲಿಯುವಾಗ ಸಣ್ಣ ಮೊತ್ತದಲ್ಲೇ ಕಲಿಯಿರಿ, ಆದರೆ ಖರ್ಚಿನ ಸಾಲನ್ನು ಮೊದಲು ಓದಿ.

ಎರಡು ಮೂರು ಬೆಲೆಗೆ ಮಾರಿದ್ದೇನೆ. ಸರಾಸರಿ ಹೇಗೆ?

ಬೆಲೆಗಳನ್ನು ಕೂಡಿ ಭಾಗಿಸಬೇಡಿ. ಮೊತ್ತಗಳನ್ನು ಕೂಡಿ, ಷೇರುಗಳ ಸಂಖ್ಯೆಯಿಂದ ಭಾಗಿಸಿ.

₹450ಕ್ಕೆ 100, ಆಮೇಲೆ ₹462ಕ್ಕೆ 50 ಷೇರು ಮಾರಿದಿರಿ. ₹45,000ಕ್ಕೆ ₹23,100 ಕೂಡಿ, ಒಟ್ಟು ₹68,100. 150ರಿಂದ ಭಾಗಿಸಿದರೆ ₹454. (ಬರೀ ಬೆಲೆಗಳ ಸರಾಸರಿ ತೆಗೆದಿದ್ದರೆ ₹456 ಬರುತ್ತಿತ್ತು. ಅದು ತಪ್ಪು.) ಕವರ್ ಮಾಡುವಾಗ 100 ಷೇರು ₹445ಕ್ಕೆ ಸಿಕ್ಕಿತು, ಉಳಿದ 50ಕ್ಕೆ ಬೆಲೆ ಏರಿ ₹460 ಕೊಡಬೇಕಾಯಿತು. ಕೊಂಡ ಮೊತ್ತ ₹67,500. ಲಾಭ ₹600. ಶೇಕಡಾ 600 ÷ 68,100, ಅಂದರೆ 0.88.

ಮೊದಲ ನೂರು ಷೇರು ಲಾಭದಲ್ಲಿ ಹೋಯಿತು, ಕೊನೆಯ ಐವತ್ತು ನಷ್ಟದಲ್ಲಿ ಅಂತ ಬೇರೆ ಬೇರೆ ಶೇಕಡಾ ತೆಗೆದು ಕೂಡಲು ಹೋದರೆ ಲೆಕ್ಕ ಹಾಳಾಗುತ್ತದೆ. ಎಷ್ಟೇ ತುಂಡಾದರೂ ರೂಪಾಯಿಯಲ್ಲೇ ಕೂಡಿಸಿ, ಕೊನೆಗೆ ಒಂದೇ ಸಲ ಭಾಗಿಸಿ.

ತಿಂಗಳ ಎಲ್ಲ ಟ್ರೇಡ್‌ಗಳ ಶೇಕಡಾ ಕೂಡಿದರೆ ತಿಂಗಳ ಲಾಭ ಸಿಗುತ್ತದಾ?

ಇಲ್ಲ. ಮೇಲಿನ ₹620ರ ಟ್ರೇಡ್‌ನಲ್ಲಿ ₹24,800 ಮಾರ್ಜಿನ್ ಮೇಲೆ ಶೇ 9.31 ಬಂತು. ಮುಂದಿನ ವಾರ ಧೈರ್ಯ ಜಾಸ್ತಿಯಾಗಿ ₹80,000 ಮಾರ್ಜಿನ್ ಹಾಕಿ ಶೇ 4 ಕಳೆದುಕೊಂಡಿರಿ ಅಂತ ಇಟ್ಟುಕೊಳ್ಳಿ. ಶೇಕಡಾ ಕೂಡಿದರೆ 9.31ರಲ್ಲಿ 4 ಕಳೆದು ಶೇ 5.31 ಲಾಭ. ರೂಪಾಯಿಯಲ್ಲಿ ನೋಡಿದರೆ ₹2,309.25 ಬಂತು, ₹3,200 ಹೋಯಿತು. ₹890.75 ನಷ್ಟ. ₹1,00,000 ಖಾತೆಯ ಮೇಲೆ ಶೇ 0.89 ಕಡಿಮೆ. ಒಂದು ಲೆಕ್ಕದಲ್ಲಿ ಲಾಭ, ಇನ್ನೊಂದರಲ್ಲಿ ನಷ್ಟ. ಬ್ಯಾಂಕಿಗೆ ಬರುವುದು ಎರಡನೆಯದು.

ಇದೇ ಕಾರಣಕ್ಕೆ ಒಂದು ದಿನದ ಶೇ 2ನ್ನು ವರ್ಷದ 250 ದಿನಕ್ಕೆ ಗುಣಿಸಿ ಶೇ 500 ಅಂತ ಹೇಳುವುದನ್ನೂ ನಂಬಬೇಡಿ.

ಆ್ಯಪ್‌ನಲ್ಲಿ ಷೇರು ಶೇ 4.69 ಬಿದ್ದಿದೆ ಅಂತ ತೋರಿಸುತ್ತಿದೆ. ನನಗೆ ಅಷ್ಟು ಲಾಭ ಯಾಕೆ ಬರಲಿಲ್ಲ?

ಆ ಶೇಕಡಾ ನಿನ್ನೆಯ ಮುಕ್ತಾಯದ ಬೆಲೆಗೆ ಹೋಲಿಸಿದ್ದು. ನಿನ್ನೆ ₹640ಕ್ಕೆ ಮುಗಿದ ಷೇರು ಇವತ್ತು ಕೆಳಗೇ ತೆರೆಯಿತು. ನೀವು ₹620ಕ್ಕೆ ಶಾರ್ಟ್ ಮಾಡಿದಿರಿ. ಈಗ ₹610. ಆ್ಯಪ್ ಲೆಕ್ಕ 30 ÷ 640, ಶೇ 4.69. ನಿಮ್ಮ ಲೆಕ್ಕ 10 ÷ 620, ಶೇ 1.61. ಪೊಸಿಷನ್ ಪುಟದಲ್ಲಿ ಇರುವ ನಿಮ್ಮ ಸರಾಸರಿ ಬೆಲೆಯನ್ನೇ ಹಿಡಿದುಕೊಳ್ಳಿ.

ಷೇರು ಮೂರು ದಿನ ದಿನಕ್ಕೆ ಶೇ 10 ಇಳಿದರೆ ನನಗೆ ಶೇ 30 ಲಾಭವೇ?

ಫ್ಯೂಚರ್ಸ್‌ನಲ್ಲೋ ಎಸ್‌ಎಲ್‌ಬಿಯಲ್ಲೋ ಶಾರ್ಟ್ ಇಟ್ಟುಕೊಂಡವರು ಕೇಳುವ ಪ್ರಶ್ನೆ ಇದು. ₹100 ಇದ್ದದ್ದು 90, ಆಮೇಲೆ 81, ಆಮೇಲೆ 72.90. ನಿಮ್ಮ ಲಾಭ ಶೇ 27.1. ಬೆಲೆ ಇಳಿದಂತೆ ನೀವು ಶಾರ್ಟ್ ಇರುವ ಮೊತ್ತವೂ ಕರಗುತ್ತದೆ. ಮೂರನೇ ದಿನದ ಶೇ 10 ಅಂದರೆ ₹8.10 ಅಷ್ಟೇ. ಕೊಂಡು ಇಟ್ಟವನಿಗೆ ಬೆಲೆ ಏರಿದಂತೆ ಗೆದ್ದ ಪಾಲು ಬೆಳೆಯುತ್ತದೆ, ಶಾರ್ಟ್ ಮಾಡಿದವನಿಗೆ ಗೆದ್ದಂತೆ ಪಾಲು ಸಣ್ಣದಾಗುತ್ತದೆ. ಸೋತಾಗ ಇದು ತಿರುಗುಮುರುಗು: ಬೆಲೆ 100ರಿಂದ 110, 121, 133.10 ಆದರೆ ನಷ್ಟ ಶೇ 33.1. ದಿನ ಕಳೆದಂತೆ ನಷ್ಟ ದಪ್ಪವಾಗುತ್ತದೆ. ಏರುತ್ತಿರುವ ಷೇರಿಗೆ ಶಾರ್ಟ್ ಸೇರಿಸುತ್ತಾ ಹೋಗಬೇಡಿ ಅನ್ನೋದಕ್ಕೆ ಈ ಲೆಕ್ಕವೇ ಸಾಕು.

ಫ್ಯೂಚರ್ಸ್ ಶಾರ್ಟ್‌ಗೆ ಲೆಕ್ಕ ಬೇರೆಯಾ?

ಸೂತ್ರ ಅದೇ. ಲಾಟ್‌ನಿಂದ (ಒಂದು ಒಪ್ಪಂದದಲ್ಲಿರುವ ಷೇರುಗಳ ಸಂಖ್ಯೆಯಿಂದ) ಗುಣಿಸುವುದು ಒಂದು ಸೇರುತ್ತದೆ. 500 ಷೇರಿನ ಒಂದು ಲಾಟ್ ₹1,480ಕ್ಕೆ ಮಾರಿ ₹1,442ಕ್ಕೆ ಕೊಂಡರೆ ಲಾಭ ₹19,000. ಕಾಂಟ್ರಾಕ್ಟ್ ಮೊತ್ತ ₹7,40,000, ಅದರ ಮೇಲೆ ಶೇ 2.57. ಮಾರ್ಜಿನ್ ₹1,40,000 ಬ್ಲಾಕ್ ಆಗಿದ್ದರೆ ಅದರ ಮೇಲೆ ಶೇ 13.57.

ಇಲ್ಲಿ ಮೂರು ವಿಷಯ ಗಮನಿಸಿ. ಮಾರಿದ ಬೆಲೆ ಅಂದರೆ ಫ್ಯೂಚರ್ಸ್ ಬೆಲೆ, ಷೇರಿನ ಬೆಲೆಯಲ್ಲ. ಎರಡರ ನಡುವೆ ಅಂತರ ಇರುತ್ತದೆ, ಎಕ್ಸ್‌ಪೈರಿ ಹತ್ತಿರ ಬಂದಂತೆ ಅದು ಮುಚ್ಚಿಕೊಳ್ಳುತ್ತದೆ. ಫ್ಯೂಚರ್ಸ್ ಮೇಲಿತ್ತು ಅಂದರೆ ಶಾರ್ಟ್ ಮಾಡಿದವನಿಗೆ ಅದರಿಂದ ಸ್ವಲ್ಪ ಲಾಭ. ಎರಡನೆಯದು, ಲಾಭ ನಷ್ಟ ದಿನಾ ಸಂಜೆ ಖಾತೆಗೆ ಬಂದು ಹೋಗುತ್ತಿರುತ್ತದೆ. ನಡುವೆ ನಷ್ಟ ತುಂಬಲು ಹೆಚ್ಚುವರಿ ದುಡ್ಡು ಹಾಕಿದ್ದರೆ ಅದನ್ನೂ ಸೇರಿಸಿ ಭಾಗಿಸಿ. ಬರೀ ಮೊದಲ ದಿನದ ಮಾರ್ಜಿನ್ ಹಿಡಿದರೆ ಶೇಕಡಾ ಸುಮ್ನೆ ಉಬ್ಬುತ್ತದೆ. ಮೂರನೆಯದು, 2019ರ ಅಕ್ಟೋಬರ್‌ನಿಂದ ಎಲ್ಲ ಷೇರು ಫ್ಯೂಚರ್ಸ್‌ಗೂ ಎಕ್ಸ್‌ಪೈರಿಯಲ್ಲಿ ಷೇರನ್ನೇ ಕೊಟ್ಟು ತೆಗೆದುಕೊಳ್ಳುವ ನಿಯಮ ಇದೆ. ಷೇರು ಇಲ್ಲದವರು ಅದಕ್ಕೆ ಮೊದಲೇ ಕವರ್ ಮಾಡಿ.

ಎಸ್‌ಟಿಟಿ ದರವೂ ಬೇರೆ. 2024ರ ಅಕ್ಟೋಬರ್ 1ರಂದು ಫ್ಯೂಚರ್ಸ್ ಮಾರಾಟದ ಮೇಲೆ ಅದು ಶೇ 0.0125ರಿಂದ 0.02ಕ್ಕೆ ಏರಿತು. ಬಜೆಟ್ ಬಂದಾಗಲೆಲ್ಲ ಈ ದರ ಬದಲಾಗಬಹುದು, ಹಾಗಾಗಿ ಇತ್ತೀಚಿನ ಕಾಂಟ್ರಾಕ್ಟ್ ನೋಟ್ ನೋಡಿಯೇ ಲೆಕ್ಕ ಹಾಕಿ.

ಎಸ್‌ಎಲ್‌ಬಿಯಲ್ಲಿ ಬಾಡಿಗೆ, ಡಿವಿಡೆಂಡ್ ಎಲ್ಲ ಎಲ್ಲಿ ಸೇರಿಸಬೇಕು?

ಎರಡನ್ನೂ ಲಾಭದಿಂದ ಕಳೆಯಬೇಕು. ₹800ಕ್ಕೆ ಮಾರಿ ₹740ಕ್ಕೆ ಕೊಂಡಿರಿ. ತಿಂಗಳಿಗೆ ಷೇರಿಗೆ ₹6ರಂತೆ ಎರಡು ತಿಂಗಳ ಬಾಡಿಗೆ ₹12. ನಡುವೆ ಕಂಪನಿ ₹5 ಡಿವಿಡೆಂಡ್ ಕೊಟ್ಟಿತು, ಅದು ಸಾಲ ಕೊಟ್ಟವನಿಗೆ ಸೇರಬೇಕು, ನಿಮ್ಮಿಂದ ಹೋಗುತ್ತದೆ. 60ರಲ್ಲಿ 12 ಮತ್ತು 5 ಕಳೆದರೆ ₹43. 43 ÷ 800, ಶೇ 5.38. ಡಿವಿಡೆಂಡ್ ಮರೆತವರು ಶೇ 6 ಅಂತ ಬರೆದುಕೊಳ್ಳುತ್ತಾರೆ. ಬ್ರೋಕರೇಜ್, ಎಸ್‌ಟಿಟಿ ಇದರ ಮೇಲೆ.

ಅಪ್ಪರ್ ಸರ್ಕ್ಯೂಟ್‌ಗೆ ಸಿಕ್ಕಿ ಕವರ್ ಮಾಡಲು ಆಗಲಿಲ್ಲ. ನಷ್ಟ ಎಷ್ಟಾಗಬಹುದು?

ಇಂಟ್ರಾಡೇ ಶಾರ್ಟ್‌ನ ಅತಿ ಕೆಟ್ಟ ಸ್ಥಿತಿ ಇದು. ಬೆಲೆ ಮೇಲಿನ ಮಿತಿಗೆ ಹೋಗಿ ನಿಂತಿದೆ, ಮಾರುವವರೇ ಇಲ್ಲ. ಬ್ರೋಕರ್‌ನ ಆಟೋ ಸ್ಕ್ವೇರ್ ಆಫ್ (ದಿನದ ಕೊನೆಗೆ ತಾನಾಗಿಯೇ ಕವರ್ ಮಾಡುವ ವ್ಯವಸ್ಥೆ) ಕೂಡ ಕೆಲಸ ಮಾಡುವುದಿಲ್ಲ, ಯಾಕೆಂದರೆ ಕೊಳ್ಳಲು ಷೇರೇ ಸಿಗುತ್ತಿಲ್ಲ. ಸಂಜೆ 3:30ಕ್ಕೆ ಮಾರುಕಟ್ಟೆ ಮುಚ್ಚಿತು. ನೀವು ಈಗ ಷೇರು ಕೊಡಬೇಕಾದವರು, ಆದರೆ ನಿಮ್ಮ ಡಿಮ್ಯಾಟ್ ಖಾಲಿ.

ಆಗ ಎಕ್ಸ್‌ಚೇಂಜ್ ನಿಮ್ಮ ಪರವಾಗಿ ಹರಾಜಿನಲ್ಲಿ ಷೇರು ಕೊಳ್ಳುತ್ತದೆ. ಅಲ್ಲೂ ಸಿಗದಿದ್ದರೆ ದುಡ್ಡಿನಲ್ಲೇ ಕ್ಲೋಸ್ ಔಟ್, ಅಂದರೆ ಷೇರಿನ ಬದಲು ದುಡ್ಡು ಕೊಟ್ಟು ಲೆಕ್ಕ ಚುಕ್ತಾ. ಅದರ ಬೆಲೆ ಹೀಗೆ: ನೀವು ಮಾರಿದ ದಿನದಿಂದ ಹರಾಜಿನ ದಿನದವರೆಗಿನ ಗರಿಷ್ಠ ಬೆಲೆ, ಅಥವಾ ಹರಾಜಿನ ದಿನದ ಮುಕ್ತಾಯ ಬೆಲೆಗಿಂತ ಶೇ 20 ಮೇಲೆ. ಇವೆರಡರಲ್ಲಿ ಯಾವುದು ಜಾಸ್ತಿಯೋ ಅದು.

₹250ಕ್ಕೆ ಶಾರ್ಟ್ ಮಾಡಿದ ಷೇರು ಹರಾಜಿನ ದಿನ ₹270ಕ್ಕೆ ಮುಗಿಯಿತು ಅಂದುಕೊಳ್ಳಿ. ಶೇ 20 ಸೇರಿಸಿದರೆ ₹324. ನಷ್ಟ ಷೇರಿಗೆ ₹74, ಅಂದರೆ ಶೇ 29.6. ಮಾರುಕಟ್ಟೆಯಲ್ಲಿ ಷೇರು ಏರಿದ್ದು ಶೇ 8 ಮಾತ್ರ! ಶೇ 20 ಮಾರ್ಜಿನ್ ಕಟ್ಟಿದ್ದವನು ಮಾರ್ಜಿನ್‌ನ ಶೇ 148 ಕಳೆದುಕೊಂಡ. ಬ್ರೋಕರ್ ದಂಡ ಬೇರೆ.

ಹಾಗಾಗಿ ಶೇ 5ರಂಥ ಸಣ್ಣ ಸರ್ಕ್ಯೂಟ್ ಮಿತಿ ಇರುವ, ಕಡಿಮೆ ವಹಿವಾಟಿನ ಸಣ್ಣ ಕಂಪನಿಗಳ ಷೇರನ್ನು ಇಂಟ್ರಾಡೇಯಲ್ಲಿ ಶಾರ್ಟ್ ಮಾಡಲೇಬೇಡಿ. ಫ್ಯೂಚರ್ಸ್ ಇರುವ ಷೇರುಗಳಿಗೆ ಇಂಥ ಗಟ್ಟಿ ಮಿತಿ ಇರುವುದಿಲ್ಲ, ಹಾಗಾಗಿ ನಷ್ಟವಾದರೂ ಹೊರಗೆ ಬರಲು ಬಾಗಿಲು ತೆರೆದಿರುತ್ತದೆ.

ನನಗೆ ಶೇ 3 ಲಾಭ ಬೇಕು, ಶೇ 1.5ಕ್ಕಿಂತ ಜಾಸ್ತಿ ನಷ್ಟ ಬೇಡ. ಬೆಲೆ ಹೇಗೆ ಇಡಲಿ?

₹620ಕ್ಕೆ ಮಾರಿದ್ದರೆ ಗುರಿ 620 × 0.97, ₹601.40. ಸ್ಟಾಪ್ ಲಾಸ್ (ನಷ್ಟ ಇನ್ನು ಸಾಕು ಅಂತ ಹೊರಗೆ ಬರುವ ಬೆಲೆ) 620 × 1.015, ₹629.30. ಖರ್ಚು ಷೇರಿಗೆ 45 ಪೈಸೆ ಅಂತ ಗೊತ್ತಿದ್ದರೆ ಎರಡನ್ನೂ ಅಷ್ಟು ಕೆಳಗಿಡಿ: ₹600.95 ಮತ್ತು ₹628.85. ಶಾರ್ಟ್‌ನಲ್ಲಿ ಸ್ಟಾಪ್ ಲಾಸ್ ಅಂದರೆ ಕೊಳ್ಳುವ ಆರ್ಡರ್, ಮೇಲಿನ ಬೆಲೆಗೆ ಇರುತ್ತದೆ. ಅವಸರದಲ್ಲಿ ಮತ್ತೆ ಮಾರುವ ಆರ್ಡರ್ ಒತ್ತಿ ಶಾರ್ಟ್ ಎರಡರಷ್ಟು ಮಾಡಿಕೊಳ್ಳುವವರು ಇದ್ದಾರೆ, ಬಟನ್ ಒತ್ತುವ ಮೊದಲು ಬಣ್ಣ ನೋಡಿ.

ಎಷ್ಟು ಷೇರು ಅನ್ನೋದನ್ನು ಖಾತೆಯಿಂದ ಶುರು ಮಾಡಿ ಲೆಕ್ಕ ಹಾಕಿ. ₹1,00,000ದಲ್ಲಿ ಒಂದು ಟ್ರೇಡ್‌ಗೆ ಶೇ 1, ಅಂದರೆ ₹1,000 ಹೋದರೂ ಪರವಾಗಿಲ್ಲ ಅಂತ ನಿರ್ಧರಿಸಿದಿರಿ. ₹620ಕ್ಕೆ ಶಾರ್ಟ್, ₹628ಕ್ಕೆ ಸ್ಟಾಪ್, ಅಂತರ ₹8. 1,000 ÷ 8, 125 ಷೇರು. ಮಾರ್ಜಿನ್ ಎಷ್ಟು ಷೇರಿಗೆ ಸಾಕಾಗುತ್ತದೆ ಅನ್ನೋದರಿಂದ ಶುರು ಮಾಡಿದರೆ ಇದೇ ಖಾತೆಯಲ್ಲಿ 800 ಷೇರು ಶಾರ್ಟ್ ಮಾಡಬಹುದು, ಆಗ ಅದೇ ₹8 ಏರಿಕೆಗೆ ₹6,400 ಹೋಗುತ್ತದೆ.

ಎಕ್ಸೆಲ್‌ನಲ್ಲಿ ಬರೆದಿಡಲು ಏನೇನು ಕಾಲಂ ಬೇಕು?

ದಿನಾಂಕ, ಷೇರಿನ ಹೆಸರು, ಸಂಖ್ಯೆ, ಮಾರಿದ ಮೊತ್ತ, ಕೊಂಡ ಮೊತ್ತ, ಕಾಂಟ್ರಾಕ್ಟ್ ನೋಟ್‌ನ ಒಟ್ಟು ಖರ್ಚು, ನಿವ್ವಳ ಲಾಭ. ಇಷ್ಟು ಸಾಕು. ಲಾಂಗ್ (ಮೊದಲು ಕೊಂಡು ಆಮೇಲೆ ಮಾರುವ ಟ್ರೇಡ್) ಮತ್ತು ಶಾರ್ಟ್ ಒಂದೇ ಹಾಳೆಯಲ್ಲಿದ್ದರೆ ಮೊದಲು ನಡೆದ ವ್ಯವಹಾರದ ಮೊತ್ತ ಅಂತ ಇನ್ನೊಂದು ಕಾಲಂ ಮಾಡಿ, ಶೇಕಡಾವನ್ನು ಯಾವಾಗಲೂ ಅದರಿಂದಲೇ ಭಾಗಿಸಿ. ಲಾಂಗ್‌ನಲ್ಲಿ ಅಲ್ಲಿ ಕೊಂಡ ಮೊತ್ತ ಬರುತ್ತದೆ, ಶಾರ್ಟ್‌ನಲ್ಲಿ ಮಾರಿದ ಮೊತ್ತ. ಸೂತ್ರ ಒಂದೇ ಆಗುವುದರಿಂದ ತಪ್ಪಾಗುವ ಅವಕಾಶ ಕಡಿಮೆ.

ಪುಟ್ ಆಪ್ಷನ್ ಕೊಂಡರೆ ಅದೂ ಶಾರ್ಟ್ ತಾನೇ?

ಪುಟ್ ಅಂದರೆ ಗೊತ್ತಾದ ಬೆಲೆಗೆ ಮಾರುವ ಹಕ್ಕು, ಅದಕ್ಕೆ ಕೊಡುವ ಬೆಲೆಯೇ ಪ್ರೀಮಿಯಂ. ಬೆಲೆ ಇಳಿಯುತ್ತದೆ ಅನ್ನುವ ನಂಬಿಕೆ ಅದೇ, ಲೆಕ್ಕ ಬೇರೆ. ಪುಟ್ ಕೊಂಡಾಗ ನೀವು ಮೊದಲು ಕೊಂಡಿದ್ದೀರಿ, ಹಾಗಾಗಿ ಕೊಟ್ಟ ಪ್ರೀಮಿಯಂನಿಂದ ಭಾಗಿಸಬೇಕು. ನಷ್ಟ ಶೇ 100 ದಾಟುವುದಿಲ್ಲ, ಲಾಭ ದಾಟಬಹುದು. ಆಪ್ಷನ್ ಮಾರಿದವರು ಪ್ರೀಮಿಯಂ ಮೇಲೆ ಶೇಕಡಾ ಹೇಳಿದರೆ ಅರ್ಥವಿಲ್ಲ, ಮಾರ್ಜಿನ್ ಮೇಲೆ ಹೇಳಬೇಕು.

ತೆರಿಗೆ ಕಳೆದ ಮೇಲೆ ಶೇಕಡಾ ಎಷ್ಟು ಉಳಿಯುತ್ತದೆ?

ಅದು ನಿಮ್ಮ ಸ್ಲ್ಯಾಬ್ ಮೇಲೆ ಹೋಗುತ್ತದೆ. ಇಂಟ್ರಾಡೇ ಶಾರ್ಟ್‌ನ ಲಾಭವನ್ನು ಸ್ಪೆಕ್ಯುಲೇಟಿವ್ (ಸಟ್ಟಾ) ವ್ಯವಹಾರದ ಆದಾಯ ಅಂತ ನೋಡುತ್ತಾರೆ, ಬಂಡವಾಳ ಲಾಭ ಅಂತ ಅಲ್ಲ. ಸಂಬಳದ ಜೊತೆ ಸೇರಿ ಸ್ಲ್ಯಾಬ್ ದರದಲ್ಲಿ ತೆರಿಗೆ ಬೀಳುತ್ತದೆ. ಮೇಲಿನ ₹2,309.25ಕ್ಕೆ ಶೇ 30 ಸ್ಲ್ಯಾಬ್‌ನವರು ಸೆಸ್ ಸೇರಿ ಶೇ 31.2 ಕಟ್ಟಿದರೆ ಉಳಿಯುವುದು ಸುಮಾರು ₹1,589. ಮಾರಿದ ಮೊತ್ತದ ಮೇಲೆ ಅದು ಶೇ 1.28. ವ್ಯವಹಾರದ ಆದಾಯವಾದ್ದರಿಂದ ಬ್ರೋಕರೇಜ್, ಎಸ್‌ಟಿಟಿ ಎಲ್ಲವನ್ನೂ ಖರ್ಚಾಗಿ ತೋರಿಸಬಹುದು.

ನಷ್ಟವಾದರೆ ಅದನ್ನು ಸ್ಪೆಕ್ಯುಲೇಟಿವ್ ಲಾಭದ ಎದುರಿಗೆ ಮಾತ್ರ ಹೊಂದಿಸಬಹುದು. ರಿಟರ್ನ್ ಗಡುವಿನೊಳಗೆ ಸಲ್ಲಿಸಿದ್ದರೆ ನಾಲ್ಕು ವರ್ಷ ಮುಂದಕ್ಕೆ ಒಯ್ಯಬಹುದು. ಫ್ಯೂಚರ್ಸ್, ಆಪ್ಷನ್ಸ್ ನಷ್ಟಕ್ಕೆ ಎಂಟು ವರ್ಷ ಇದೆ. ಸಂಬಳ ಇದೆ, ಇಂಟ್ರಾಡೇಯಲ್ಲಿ ಬರೀ ನಷ್ಟ, ಯಾಕೆ ತೋರಿಸಬೇಕು ಅಂತ ಬಿಟ್ಟುಬಿಡುವವರು ಬಹಳ. ಹಾಗೆ ಬಿಡಬೇಡಿ, ಮುಂದಿನ ವರ್ಷ ಲಾಭ ಬಂದಾಗ ಈ ನಷ್ಟವೇ ತೆರಿಗೆ ಉಳಿಸುತ್ತದೆ. ಬ್ರೋಕರ್ ಕೊಡುವ ವರ್ಷದ ತೆರಿಗೆ ವರದಿಯಲ್ಲಿ ಇಂಟ್ರಾಡೇ ಮತ್ತು ಫ್ಯೂಚರ್ಸ್ ಬೇರೆ ಬೇರೆ ಹಾಳೆಯಲ್ಲಿ ಇರುತ್ತವೆ. ಜುಲೈ ಬರುವ ಮೊದಲೇ ಇಳಿಸಿಕೊಂಡು ನಿಮ್ಮ ಲೆಕ್ಕದ ಜೊತೆ ತಾಳೆ ನೋಡಿ, ವ್ಯತ್ಯಾಸ ಇದ್ದರೆ ಕಾಂಟ್ರಾಕ್ಟ್ ನೋಟ್ ಹಿಡಿದು ಬ್ರೋಕರ್‌ಗೆ ಬರೆದು ಕೇಳಿ.